ಟಿನ್‌ಟಿನ್‌ನ ಕಾಂಗೋ ಪುಸ್ತಕ ಮಕ್ಕಳ ಕೈಗೆ ಕೊಡೋದಾ ಬೇಡ್ವಾ?

ತುಂಗಾತೀರ ಕೇಳಿದ್ದು:

ನಮಸ್ಕಾರ ಎಲ್ರಿಗೂ. ಮಗಳು ನಾಲ್ಕನೇ ಕ್ಲಾಸು, ಬೇಸಿಗೆ ರಜೆಯಿಂದ ಟಿನ್‌ಟಿನ್ ಕಾಮಿಕ್ಸ್ ಹುಚ್ಚು ಹಿಡಿದಿದೆ, ಊಟಕ್ಕೆ ಕರೆದ್ರೂ ಪುಸ್ತಕ ಕೆಳಗಿಡಲ್ಲ, ಟಿನ್‌ಟಿನ್ ಗೆಳೆಯ ಕ್ಯಾಪ್ಟನ್ ಹ್ಯಾಡಕ್ ಬೈಗುಳ ಎಲ್ಲಾ ಬಾಯಿಪಾಠ ಆಗೋಗಿದೆ. ನಮ್ಮ ಹತ್ರ ಇರೋ ಸೆಟ್‌ನಲ್ಲಿ 'ಟಿನ್‌ಟಿನ್ ಇನ್ ದ ಕಾಂಗೋ' ಇರ್ಲಿಲ್ಲ, ಅವಳ ಸೋದರಮಾವ ಎಲ್ಲಿಂದ್ಲೋ ಹುಡುಕಿ ತಂದ್ಕೊಟ್ಟ. ಅವಳ ಕೈಗೆ ಕೊಡೋ ಮುಂಚೆ ನಾನೊಂದ್ಸಲ ತಿರುವಿ ನೋಡಿ ಬೀರು ಮೇಲೆ ಎತ್ತಿಟ್ಟಿದೀನಿ.

ಒಂದು ಸೀನ್ ಹೇಳ್ತೀನಿ. ಟಿನ್‌ಟಿನ್ ಕಾರು ರೈಲು ಹಳಿ ಮೇಲೆ ಸಿಕ್ಕಾಕೊಳ್ಳುತ್ತೆ, ರೈಲು ಬಂದು ಗುದ್ದುತ್ತೆ, ಕಾರಿಗೇನೂ ಆಗಲ್ಲ, ರೈಲೇ ಮಗುಚಿ ಬೀಳುತ್ತೆ. ಆಮೇಲೆ ಅದರಲ್ಲಿದ್ದ ಕಾಂಗೋ ಜನಕ್ಕೆ ಟಿನ್‌ಟಿನ್ನೇ ನಿಂತ್ಕೊಂಡು ಎತ್ತಿ ನಿಲ್ಸಿ ಅಂತ ಆರ್ಡರ್ ಮಾಡ್ತಾನೆ, ಅವ್ರು ಸುಸ್ತು ಅಂತಾರೆ ಬಟ್ಟೆ ಕೊಳೆಯಾಗುತ್ತೆ ಅಂತಾರೆ, ನಾಯಿ ಸ್ನೋಯಿ ಕೂಡ ಅವ್ರನ್ನ ಸೋಮಾರಿಗಳು ಅಂತ ಬೈಯುತ್ತೆ. ಹಳಿ ಮೇಲೆ ಕಾರು ತಂದು ನಿಲ್ಸಿದವನು ಇವನು, ಬೈಸ್ಕೊಂಡೋರು ರೈಲಲ್ಲಿ ಕೂತಿದ್ದೋರು! ಕೊನೇಲಿ ಊರವ್ರು ಟಿನ್‌ಟಿನ್‌ದೂ ಸ್ನೋಯಿದೂ ಬೊಂಬೆ ಮಾಡಿ ಇಟ್ಕೊಂಡು ಅಡ್ಡಬೀಳ್ತಾರೆ. ಮುಖಗಳಂತೂ ಎಲ್ರದ್ದೂ ಒಂದೇ ಅಚ್ಚು, ಒಬ್ರಿಗೂ ಇನ್ನೊಬ್ರಿಗೂ ವ್ಯತ್ಯಾಸ ಇಲ್ಲ.

ಮನೇಲಿ ದೊಡ್ಡವ್ರು 'ಕಾಮಿಕ್ಸ್ ಅಲ್ವಾ, ಓದ್ಲಿ ಬಿಡು, ನಾವೂ ಅಂಥವೇ ಓದ್ಕೊಂಡು ಬೆಳೆದಿದ್ದು' ಅಂತಾರೆ. ನನಗೆ ಮನಸ್ಸು ಒಪ್ತಿಲ್ಲ. ಹಾಗಂತ ಬಚ್ಚಿಡೋದೂ ಸರಿ ಅನ್ನಿಸ್ತಿಲ್ಲ, ಅವಳು ಹುಡುಕ್ಕೊಂಡು ಓದೋ ಮಗು. ಹಳೇ ಅಡ್ವೆಂಚರ್ ಕಾಮಿಕ್ಸ್ ಓದಿದೋರು, ಮಕ್ಕಳಿಗೆ ಓದಿಸಿದೋರು ಹೇಳಿ, ಏನ್ಮಾಡೋದು? ನಮ್ಮ ದೇಶದವ್ರನ್ನ ಈ ಪುಸ್ತಕಗಳು ಹೇಗೆ ತೋರ್ಸಿವೆ ಅನ್ನೋದನ್ನೂ ಗೊತ್ತಿದ್ರೆ ಬರೀರಿ.

---

ಚಿತ್ರಕಥೆ_ಓದುಗ ಉತ್ತರ:

ಒಳ್ಳೇ ಪ್ರಶ್ನೆ ಮೇಡಂ, ಸ್ವಲ್ಪ ಉದ್ದ ಬರೀತೀನಿ.

ಕಾಂಗೋ ಕಥೆ ಬಂದಿದ್ದು 1930-31ರಲ್ಲಿ, ಬ್ರಸೆಲ್ಸ್‌ನ ಒಂದು ಕ್ಯಾಥೊಲಿಕ್ ಪತ್ರಿಕೆಯ ಮಕ್ಕಳ ಪುರವಣಿಲಿ ವಾರವಾರ. ಟಿನ್‌ಟಿನ್ ಬರೆದ ಎರ್ಜೆಗೆ ಆಗ 23 ವರ್ಷ. ಅವ್ರು ಟಿನ್‌ಟಿನ್‌ನ ರಷ್ಯಾದಿಂದ ನೇರ ಅಮೆರಿಕಕ್ಕೆ ಕಳಿಸ್ಬೇಕು ಅಂತಿದ್ರು, ಸಂಪಾದಕರಾಗಿದ್ದ ಪಾದ್ರಿ ನೋರ್ಬೆರ್ ವಾಲೆ ಬೇಡ, ಮೊದ್ಲು ಕಾಂಗೋ ಅಂದ್ರು. ಕಾಂಗೋ ಆಗ ಬೆಲ್ಜಿಯಂ ವಸಾಹತು, ಅಲ್ಲಿ ಹೋಗಿ ಕೆಲ್ಸ ಮಾಡೋಕೆ ಹುಡುಗ್ರಿಗೆ ಆಸೆ ಹುಟ್ಟಿಸ್ಬೇಕಿತ್ತು. ಎರ್ಜೆ ಕಾಂಗೋ ನೋಡೇ ಇರ್ಲಿಲ್ಲ. ಮ್ಯೂಸಿಯಂ, ಮಿಷನರಿಗಳ ಮಾತು, ಪತ್ರಿಕೆ ಫೋಟೋ ಇಷ್ಟರಲ್ಲೇ ಇಡೀ ದೇಶ ಬರೆದ್ಬಿಟ್ರು.

1946ರಲ್ಲಿ ಕಲರ್ ಮಾಡುವಾಗ ಸ್ವಲ್ಪ ತಿದ್ದಿದಾರೆ. ಮೂಲದಲ್ಲಿ ಟಿನ್‌ಟಿನ್ ಮಿಷನ್ ಸ್ಕೂಲಿನ ಕಾಂಗೋ ಮಕ್ಕಳಿಗೆ 'ಇವತ್ತು ನಿಮ್ಮ ದೇಶ ಬೆಲ್ಜಿಯಂ ಬಗ್ಗೆ ಪಾಠ' ಅಂತ ಶುರು ಮಾಡ್ತಾನೆ, ನಿಮ್ಮ ಪುಸ್ತಕದಲ್ಲಿ ಆ ಜಾಗದಲ್ಲಿ ಎರಡು ಪ್ಲಸ್ ಎರಡು ಎಷ್ಟು ಅಂತಿದೆ ನೋಡಿ. ಬೆಲ್ಜಿಯಂ ಹೆಸರು ಹೋಯ್ತು, ಆದ್ರೆ ಎರಡು ಪ್ಲಸ್ ಎರಡಕ್ಕೂ ಕ್ಲಾಸಲ್ಲಿ ಒಂದು ಮಗೂನೂ ಉತ್ತರ ಕೊಡಲ್ಲ. ನನಗೆ ತಿದ್ದಿದ್ದೇ ಇನ್ನೂ ಕೆಟ್ಟದಾಗಿ ಕಾಣುತ್ತೆ. ಪ್ರಾಣಿ ಬೇಟೆ ಇನ್ನೊಂದು, ಘೇಂಡಾಮೃಗದ ಬೆನ್ನಿಗೆ ತೂತು ಕೊರೆದು ಡೈನಮೈಟ್ ಇಟ್ಟು ಸಿಡಿಸೋ ಪುಟ ಇತ್ತು, ಸ್ಕ್ಯಾಂಡಿನೇವಿಯಾದ ಪ್ರಕಾಶಕರು ಇದನ್ನ ಹಾಕಲ್ಲ ಅಂದಿದ್ದಕ್ಕೆ 1975ರಲ್ಲಿ ಬೇರೆ ಪುಟ ಬರ್ಕೊಟ್ರು. ಘೇಂಡಾಮೃಗದ ಪರ ಮಾತಾಡೋಕೆ ಜನ ಇದ್ರು, ಆ ಮಕ್ಕಳ ಪರ ಆಗ ಯಾರೂ ಅಷ್ಟು ಗಟ್ಟಿಯಾಗಿ ಕೇಳ್ಲಿಲ್ಲ ಅನ್ನೋದು ನನಗೆ ತುಂಬಾ ಬೇಜಾರಿನ ವಿಷಯ.

ಈಗ ಮುಖ್ಯ ವಿಷಯ. ನಾಲ್ಕೇ ವರ್ಷ ಆದ್ಮೇಲೆ ಇದೇ ಮನುಷ್ಯ 'ದ ಬ್ಲೂ ಲೋಟಸ್' ಬರೆದ್ರು. 1934ರಲ್ಲಿ, ಟಿನ್‌ಟಿನ್ ಇನ್ಮೇಲೆ ಚೀನಾಗೆ ಹೋಗ್ತಾನೆ ಅಂತ ಪತ್ರಿಕೇಲಿ ಬಂದಾಗ ಲೂವೆನ್ ಯೂನಿವರ್ಸಿಟಿಲಿ ಚೀನಿ ಹುಡುಗ್ರನ್ನ ನೋಡ್ಕೊಳ್ತಿದ್ದ ಗೊಸ್ಸೆ ಅನ್ನೋ ಪಾದ್ರಿ ಕಾಗದ ಬರೆದ್ರು, ದಯವಿಟ್ಟು ತಿಳ್ಕೊಂಡು ಬರೀರಿ, ನನ್ನ ವಿದ್ಯಾರ್ಥಿಗಳು ಓದ್ತಾರೆ ಅಂತ. ಹಾಗೆ ಪರಿಚಯ ಆದವ್ರು ಜಾಂಗ್ ಚೊಂಗ್‌ರೆನ್, ಶಾಂಘೈ ಕಡೆಯವ್ರು, ಬ್ರಸೆಲ್ಸ್‌ನಲ್ಲಿ ಶಿಲ್ಪಕಲೆ ಓದ್ತಿದ್ರು, ಎರ್ಜೆ ವಯಸ್ಸಿನವ್ರೇ. ಇಬ್ರೂ ಕೂತು ಮಾತಾಡಿ ಮಾತಾಡಿ ಆ ಪುಸ್ತಕ ಆಯ್ತು. ಬೀದಿ ಬೋರ್ಡು, ಗೋಡೆಬರಹ ಎಲ್ಲಾ ನಿಜವಾದ ಚೀನಿ ಅಕ್ಷರ, ಜಾಂಗ್ ಬರೆದಿದ್ದು, ಅದರಲ್ಲಿ 'ಸಾಮ್ರಾಜ್ಯಶಾಹಿಗೆ ಧಿಕ್ಕಾರ', 'ಜಪಾನಿ ಸಾಮಾನು ಬಹಿಷ್ಕರಿಸಿ' ಅಂತೆಲ್ಲ ಇದೆ, ಓದೋಕೆ ಬರದ ಯುರೋಪಿನವ್ರಿಗೆ ಅದು ಬರೀ ಅಲಂಕಾರ. 1931ರ ಮುಕ್ಡೆನ್ ಘಟನೆ, ಅಂದ್ರೆ ಜಪಾನ್ ಸೈನ್ಯ ತಾನೇ ಹಳಿ ಸಿಡಿಸಿ ಚೀನಿಯರ ಮೇಲೆ ಹಾಕಿ ಮಂಚೂರಿಯಾಗೆ ನುಗ್ಗಿದ್ದು, ಅದನ್ನೇ ಮಕ್ಕಳ ಕಾಮಿಕ್‌ನಲ್ಲಿ ತಂದಿದಾರೆ, ರೇಡಿಯೋ ಸುದ್ದಿ ಹೇಗೆ ಊರಿಂದೂರಿಗೆ ಉಬ್ಬುತ್ತೆ ಅಂತ ಸಮೇತ.

ಶಾಂಘೈ ಬೀದೀಲಿ ಗಿಬ್ಬನ್ಸ್ ಅನ್ನೋ ಬಿಳಿಯ ವ್ಯಾಪಾರಿ ಒಬ್ಬ ರಿಕ್ಷಾ ಎಳೆಯೋನಿಗೆ ಬೆತ್ತದಲ್ಲಿ ಹೊಡೀತಾನೆ, ಟಿನ್‌ಟಿನ್ ಆ ಬೆತ್ತ ಕಿತ್ಕೊಂಡು ಮುರಿದು ಹಾಕ್ತಾನೆ. ಆಮೇಲೆ ಪ್ರವಾಹದಿಂದ ಚಾಂಗ್ ಅನ್ನೋ ಹುಡುಗನ್ನ ಎಳ್ಕೊಂಡು ದಡಕ್ಕೆ ಬಂದಾಗ ಅವನು ಕೇಳ್ತಾನೆ, ನನ್ನ ಯಾಕೆ ಉಳಿಸ್ದೆ, ಬಿಳಿಯರೆಲ್ಲ ಕೆಟ್ಟವ್ರು ಅಂದ್ಕೊಂಡಿದ್ದೆ ಅಂತ. ಆಗ ಟಿನ್‌ಟಿನ್ ನಮ್ಮೂರಲ್ಲೂ ನಿಮ್ಮ ಬಗ್ಗೆ ಹೀಗೆ ಹೇಳ್ತಾರೆ, ಕೊಳೆತ ಮೊಟ್ಟೆ ತಿಂತೀರಂತೆ, ಮಕ್ಕಳನ್ನ ನದಿಗೆ ಎಸೀತೀರಂತೆ ಅಂತ ಒಂದೊಂದೇ ಹೇಳ್ತಾನೆ, ಇಬ್ರೂ ನಗ್ತಾರೆ. ಈ ಪುಟ ಮತ್ತೆ ಆ ರೈಲಿನ ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ಮಗಳಿಗೆ ತೋರ್ಸಿ. ಗೊತ್ತಿಲ್ಲದೇ ಬರೆದ್ರೆ ಏನಾಗುತ್ತೆ, ಆ ಊರವರ ಪಕ್ಕ ಕೂತು ಕೇಳಿ ಬರೆದ್ರೆ ಏನಾಗುತ್ತೆ, ಇನ್ನೇನೂ ವಿವರಿಸೋದೇ ಬೇಡ, ನಾಲ್ಕನೇ ಕ್ಲಾಸಿನ ಮಗೂಗೆ ಕಣ್ಣಿಗೇ ಕಾಣುತ್ತೆ.

---

ಧಾರವಾಡ_ಪೇಢೆ ಉತ್ತರ:

ಅಣ್ಣಾವ್ರ ಚಂದ ಬರದೀರಿ, ಆದ್ರ ಒಂದೆರಡು ಮಾತು ಸೇರಸ್ತೇನ್ರಿ. ಬ್ಲೂ ಲೋಟಸ್‌ದಾಗ ಚೀನಾದವ್ರು ಮನುಷ್ಯಾರಾದ್ರು ಖರೆ, ಅದ ಪುಸ್ತಕದಾಗ ಜಪಾನಿನವ್ರನ್ನ ನೋಡ್ರಿ. ಮಿತ್ಸುಹಿರಾತೊ ಅನ್ನಾಂವಂದು ಮುಂದ ಬಂದ ಹಲ್ಲು, ಹಂದಿ ಮೂಗು, ಕನ್ನಡಕ. ಗೆಳ್ಯಾ ಚೀನಾದಾಂವ ಇದ್ದಾ, ಚೀನಾ ಚಂದ ಆತು, ಜಪಾನಿ ಗೆಳ್ಯಾ ಇರಲಿಲ್ಲ, ಅದ ಹಳೇ ಚಾಳಿ ಅವರ ಮ್ಯಾಲೆ ಬಿತ್ತು. ಯುದ್ಧದಾಗ ಜಪಾನ್ ಮಾಡಿದ್ದು ಅನ್ಯಾಯನ ಐತಿ, ಅದಕ್ಕ ಇಡೀ ಜನದ ಮೋತಿ ಹಂಗ ಬರೀಬೇಕಂತೇನಿಲ್ಲ.

ಇನ್ನ ನಮ್ಮ ದೇಶದ್ದು ಕೇಳಿದ್ರಲ್ಲಾ ಅಕ್ಕಾರ. 'ಸಿಗಾರ್ಸ್ ಆಫ್ ದ ಫೆರೋ' ಓದ್ರಿ, ಅದರ ಅರ್ಧ ಕಥಿ ಇಂಡಿಯಾದಾಗ ನಡೀತೈತಿ. ಗೈಪಜಾಮ ಅಂತ ಒಂದು ರಾಜ್ಯ, ಒಬ್ಬ ಮಹಾರಾಜಾ, ವಿಷದ ಬಾಣ ಹೊಡದು ಹುಚ್ಚು ಹಿಡಿಸೋ ಒಬ್ಬ ಫಕೀರ, ಕಾಡು, ಹುಲಿ, ಆನಿ. ಸ್ನೋಯಿ ಒಂದು ಆಕಳ ಮೈಮ್ಯಾಲೆ ಹೋಗತೈತಿ ಅಂತ ಅದನ್ನ ಹಿಡದು ಶಿವನ ಮುಂದ ಬಲಿ ಕೊಡಾಕ ಹೊಂಟಿರ್ತಾರ! ಶಿವನ ಗುಡಿಯೊಳಗ ನಾಯಿ ಬಲಿ, ಅದೂ ಆಕಳ ಸಲುವಾಗಿ. ಒಬ್ಬರ ನಮ್ಮವರ್ನ ಕೇಳಿದ್ರ ಇದನ್ನ ಬರೀತಿರಲಿಲ್ಲ. ಸಣ್ಣವರಿದ್ದಾಗ ನಾವೆಲ್ಲಾ ಹೊಟ್ಟಿ ಹಿಡ್ಕೊಂಡು ನಕ್ಕೇವಿ ಇದನ್ನ ಓದಿ, ಯಾಕಂದ್ರ ಓದೂಮುಂದ ನಾವು ಟಿನ್‌ಟಿನ್ ಆಗಿರ್ತೇವಿ, ಆ ಗುಡಿಯೊಳಗಿನ ಮಂದಿ ಆಗಿರೂದಿಲ್ಲ. ನನಗ ಇದ ಭಾಳ ಚಿಂತಿ ಮಾಡೋ ಸಂಗತಿ ಅನಸ್ತೈತಿ. ಕಾಂಗೋದ ಹುಡುಗನೂ ಹಂಗ ಓದಿರ್ತಾನ, ತನ್ನ ಮೋತಿ ತಾನ ಗುರುತು ಹಿಡೀದಂಗ.

ಮುಂದ ಇಪ್ಪತ್ತೈದು ವರ್ಷ ಬಿಟ್ಟು 'ಟಿನ್‌ಟಿನ್ ಇನ್ ಟಿಬೆಟ್' ಬಂತು. ಅದರಾಗ ದಿಲ್ಲಿ ದಿಲ್ಲಿ ಹಂಗ ಐತಿ, ಕುತುಬ್ ಮಿನಾರ್, ಕೆಂಪು ಕೋಟೆ, ಓಣಿ, ಮಂದಿ. ಹ್ಯಾಡಕ್ ದಾರ್ಯಾಗ ಮಲಗಿದ ಆಕಳ ದಾಟಾಕ ಹೋಗಿ ಅದರ ಬೆನ್ನ ಮ್ಯಾಲೆ ಕುಂತು ಹೋಗೋದು ಐತ್ರಿ, ಆದ್ರ ಅಲ್ಲಿ ನಗಿ ಹ್ಯಾಡಕ್‌ನ ಮ್ಯಾಲೆ, ನಮ್ಮ ಮ್ಯಾಲಲ್ಲ. ಅಷ್ಟ ಫರಕು, ಭಾಳ ದೊಡ್ಡ ಫರಕು. ಶೆರ್ಪಾ ಥಾರ್ಕೆ ಅಂತೂ ಇಡೀ ಸರಣಿಯೊಳಗ ನನಗ ಬೇಕಾದ ಮನುಷ್ಯಾ. ಮೊದಲ ಒಲ್ಲೆ ಅಂದು ಹಿಂದಿರುಗಿ ಹೋಗಾಂವ, ಆಮ್ಯಾಲೆ ಮನಸ್ಸು ತಡೀಲಾರದ ತಾನ ವಾಪಸ್ ಬರ್ತಾನ. ಅಂವಾ ಆಳಲ್ಲ, ತನ್ನ ನಿರ್ಧಾರ ತಾನ ಮಾಡಾಂವ.

ಕಾಂಗೋ ಈಗ ಬ್ಯಾಡ್ರಿ ಅಕ್ಕಾರ. ಹೈಸ್ಕೂಲಿಗೆ ಹೋಗಲಿ, ಇತಿಹಾಸ ಒಂದೀಟು ತಿಳೀಲಿ, ಆಮ್ಯಾಲೆ ಕೊಡ್ರಿ.

---

ಇಂದ್ರಜಾಲ_ಕಲೆಕ್ಟರ್ ಉತ್ತರ:

ಟಿನ್‌ಟಿನ್ ಬಗ್ಗೆ ಎಲ್ಲಾ ಬಂತು, ನಾನು ಫ್ಯಾಂಟಮ್ ಅನ್ನೋ ಇನ್ನೊಂದು ಹಳೇ ಕಾಮಿಕ್ಸ್ ಬಗ್ಗೆ ಹೇಳ್ತೀನಿ ಯಾಕಂದ್ರೆ ನಮ್ಮಲ್ಲಿ ಒಂದಿಡೀ ತಲೆಮಾರಿಗೆ ಆಫ್ರಿಕ ಅಂದ್ರೆ ಫ್ಯಾಂಟಮ್‌ನ ಕಾಡು ಅಷ್ಟೇ. ಟಿನ್‌ಟಿನ್ ಇಂಗ್ಲಿಷ್ ಓದೋ ಮನೆ ಮಕ್ಕಳಿಗೆ ಸಿಕ್ತು, ಫ್ಯಾಂಟಮ್ ಕನ್ನಡದಲ್ಲೇ ವಾರಪತ್ರಿಕೆ ಜತೆ ಹಳ್ಳಿವರೆಗೂ ಹೋಯ್ತು, ಕಟಿಂಗ್ ಶಾಪಲ್ಲಿ ಕೂತು ಓದಿದೋರು ಎಷ್ಟು ಜನ ಇಲ್ಲಿದೀರಿ.

ಲೀ ಫಾಕ್ ಇದನ್ನ ಶುರು ಮಾಡಿದ್ದು 1936ರ ಫೆಬ್ರವರಿಲಿ. ಬೆಂಗಾಲ ಅನ್ನೋ ಕಾಲ್ಪನಿಕ ದೇಶ ಮೊದ್ಲು ಏಷ್ಯಾದ ಕಡೆ ಇತ್ತು, ಬರ್ತಾ ಬರ್ತಾ ಆಫ್ರಿಕ ಆಗೋಯ್ತು. ಜಾಗ ಯಾವುದಾದ್ರೇನು, ಕಾಡು ಕಾಡೇ, ಅಲ್ಲಿನ ಜನ ಅಲ್ಲಿನ ಜನವೇ, ಫ್ಯಾಂಟಮ್ ಅನ್ನೋ ಬಿಳಿಯನೊಬ್ಬ, ಅಪ್ಪನಿಂದ ಮಗನಿಗೆ ಅಂತ ಇಪ್ಪತ್ತೊಂದು ತಲೆಮಾರಿಂದ, ತಲೆಬುರುಡೆ ಸಿಂಹಾಸನದ ಮೇಲೆ ಕೂತು ನ್ಯಾಯ ಹೇಳ್ತಾನೆ. 60ರ ದಶಕದಲ್ಲಿ ಆಫ್ರಿಕದ ದೇಶಗಳು ಸ್ವತಂತ್ರ ಆದ ಹಾಗೆ ಕಥೇಲೂ ಲುವಾಗ ಅನ್ನೋ ಕರಿಯ ಡಾಕ್ಟರ್ ಅಧ್ಯಕ್ಷ ಆದ, ಅದು ನಿಜಕ್ಕೂ ಒಳ್ಳೇ ಬದಲಾವಣೆ, ಚುನಾಯಿತ ಅಧ್ಯಕ್ಷ, ಓದಿದವನು, ಗಂಭೀರ ಮನುಷ್ಯ. ಆದ್ರೆ ಜಂಗಲ್ ಪಟ್ರೋಲ್ ಅನ್ನೋ ಕಾಡು ಕಾಯೋ ಪಡೆಯ ಗುಪ್ತ ಕಮಾಂಡರ್ ಮಾತ್ರ ಅದೇ ಬಿಳಿಯನೇ.

ನಾನು ಹೇಳ್ಬೇಕಿದ್ದು ಇದು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ ಎರಡು ಬದಲಾವಣೆ ಮಾಡಿದ್ರು. ಬೆಂಗಾಲ ಅಂದ್ರೆ ನಮ್ಮ ಬಂಗಾಳದ ಥರ ಕೇಳುತ್ತೆ ಅಂತ ಡೆಂಕಾಲಿ ಮಾಡಿದ್ರು. ಫ್ಯಾಂಟಮ್ ವಂಶದ ಹಳೇ ಶತ್ರುಗಳು 'ಸಿಂಗ್ ಬ್ರದರ್‌ಹುಡ್' ಅನ್ನೋ ಕಡಲುಗಳ್ಳರು, ಅದನ್ನ 'ಸಿಂಗ' ಮಾಡಿದ್ರು. ಅಂದ್ರೆ ಸಂಪಾದಕರಿಗೆ ಇದು ಚೆನ್ನಾಗೇ ಗೊತ್ತಿತ್ತು, ಕಥೇಲಿ ಒಂದು ಜನಾಂಗದ ಹೆಸರಿಟ್ಟು ಕಳ್ಳರು ಅಂದ್ರೆ ಅವ್ರಿಗೆ ನೋವಾಗುತ್ತೆ ಅಂತ. ನಮ್ಮವ್ರಿಗೆ ನೋವಾಗೋದನ್ನ ತೆಗೆದ್ರು. ವಿಷಬಾಣದ ಪಿಗ್ಮಿಗಳು, ಡ್ರಮ್ ಬಡಿಯೋ ಕಾಡಿನವ್ರು, ಮಾತೆತ್ತಿದ್ರೆ ಮೂಢನಂಬಿಕೆ, ಅದೆಲ್ಲ ಹಾಗೇ ಉಳೀತು, ಯಾಕಂದ್ರೆ ಅದನ್ನ ಕೇಳೋರು ಇಲ್ಲಿ ಯಾರೂ ಇರ್ಲಿಲ್ಲ. ಇವತ್ತು ಬೆಂಗಳೂರಲ್ಲಿ ಓದೋಕೆ ಬಂದ ಆಫ್ರಿಕದ ಹುಡುಗ್ರನ್ನ ಬಸ್ಸಲ್ಲಿ ನಮ್ಮ ಜನ ಹೇಗೆ ನೋಡ್ತಾರೆ ಅಂತ ಎಲ್ರಿಗೂ ಗೊತ್ತು. ಅದು ಬರೀ ಕಾಮಿಕ್ಸ್‌ನಿಂದ ಬಂತು ಅಂತ ನಾನು ಹೇಳ್ತಿಲ್ಲ, ಆದ್ರೆ ನಾವು ಬೇರೆ ಯಾವ ಆಫ್ರಿಕಾನೂ ಮಕ್ಕಳಿಗೆ ತೋರಿಸ್ಲಿಲ್ಲ ಅಲ್ವಾ, ಅದು ನಮ್ಮ ಕೈಯಲ್ಲೇ ಇತ್ತು.

ಜಾದೂಗಾರ ಮ್ಯಾಂಡ್ರೇಕ್‌ನ ಕಾಮಿಕ್ಸ್‌ನಲ್ಲಿದ್ದ ಲೋಥರ್ ನೆನಪಿದಾನಾ? 1934ರಲ್ಲಿ ಅವನು ಚಿರತೆ ಚರ್ಮ ಸುತ್ಕೊಂಡು ತಲೆಗೆ ಟರ್ಕಿ ಟೋಪಿ ಹಾಕ್ಕೊಂಡು ಅರೆಬರೆ ಇಂಗ್ಲಿಷ್ ಮಾತಾಡೋ ಆಳು. 1965ರಲ್ಲಿ ಫ್ರೆಡ್ ಫ್ರೆಡೆರಿಕ್ಸ್ ಚಿತ್ರ ಬರೆಯೋಕೆ ಬಂದ್ಮೇಲೆ ಮಾತೂ ಸರಿಯಾಯ್ತು ಬಟ್ಟೇನೂ ಬದಲಾಯ್ತು, ಸರಿಸಮಾನ ಗೆಳೆಯ ಆದ. ಕಥೆಯ ಮಜಾ ಒಂಚೂರೂ ಕಮ್ಮಿ ಆಗ್ಲಿಲ್ಲ. ಮಾಡ್ಬೇಕು ಅಂತ ಮನಸ್ಸಿದ್ರೆ ಆಗುತ್ತೆ ಅನ್ನೋಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

---

ಮಲ್ಲಿಗೆ_ಮೈಸೂರು ಉತ್ತರ:

ಮೇಲಿನವ್ರು ಹೇಳಿದ್ದಕ್ಕೆ ಒಂದು ಸಣ್ಣ ಸೇರ್ಪಡೆ. ಅಮರ ಚಿತ್ರ ಕಥೆ ಮೊದ್ಲು ಬಂದಿದ್ದೇ ಕನ್ನಡದಲ್ಲಿ, 1965ರ ಹೊತ್ತಿಗೆ ಬೆಂಗಳೂರಲ್ಲಿ, ಸಿಂಡ್ರೆಲಾ ಥರದ ಹೊರಗಿನ ಕಥೆಗಳ ಹತ್ತು ಪುಸ್ತಕ. ಇಂಗ್ಲಿಷಿನ ಮೊದಲ 'ಕೃಷ್ಣ' ಸಂಚಿಕೆ ನಂಬರು ಹನ್ನೊಂದರಿಂದ ಶುರುವಾಗೋದು ಅದಕ್ಕೇ. ನಮ್ಮ ಕಥೆ ನಾವೇ ಹೇಳ್ಕೊಂಡಾಗಲೂ ದೇವರು ರಾಜರೆಲ್ಲ ಬೆಳ್ಳಗೆ, ರಾಕ್ಷಸರು ಕಾಡಿನವ್ರೆಲ್ಲ ಕಪ್ಪಗೆ ದಪ್ಪಗೆ ಬಂದ್ರು. ಮಗಳಿಗೆ ಟಿನ್‌ಟಿನ್ ಬಗ್ಗೆ ಹೇಳುವಾಗ ಇದನ್ನೂ ಹೇಳಿ, ಇಲ್ಲಾಂದ್ರೆ ಇದು ಬರೀ ಯುರೋಪಿನವ್ರ ರೋಗ ಅಂದ್ಕೊಳ್ತಾಳೆ.

---

ಲೂವೆನ್_ಕನ್ನಡತಿ ಉತ್ತರ:

ನಾನು ಬೆಲ್ಜಿಯಂನಲ್ಲೇ ಇರೋದು, ಇಲ್ಲಿ ಟಿನ್‌ಟಿನ್ ಅಂದ್ರೆ ಮನೆ ಮಗ, ಬ್ರಸೆಲ್ಸ್‌ನಲ್ಲಿ ಗೋಡೆಗೋಡೆ ಮೇಲೆ ಕಾಮಿಕ್ಸ್ ಚಿತ್ರ. ಎರ್ಜೆ ನೋಡಿ ಬರೆದ್ರು ಅಂದ್ರಲ್ಲ, ಆ ಮ್ಯೂಸಿಯಂ ಬ್ರಸೆಲ್ಸ್ ಪಕ್ಕದ ಟೆರ್ವುರೆನ್‌ನಲ್ಲಿದೆ, 44ನೇ ನಂಬರ್ ಟ್ರ್ಯಾಮ್ ಹತ್ತಿ ಕಾಡಿನ ಮಧ್ಯೆ ಹೋಗ್ಬೇಕು. ಅಲ್ಲಿ ಚಿರತೆ ಮನುಷ್ಯನ ಒಂದು ಪ್ರತಿಮೆ ಇದೆ, ಚಿರತೆ ಚರ್ಮದ ಮುಸುಕು ಹಾಕಿ ಕೈಗೆ ಉಗುರು ಕಟ್ಕೊಂಡು ಮಲಗಿರೋನ ಮೇಲೆ ಬಗ್ಗಿರೋನು. ಕಾಂಗೋ ಪುಸ್ತಕದಲ್ಲಿ ಟಿನ್‌ಟಿನ್‌ನ ಕೊಲ್ಲೋಕೆ ಬರೋನು ಅವನೇ, ನೋಡಿದ ತಕ್ಷಣ ಗೊತ್ತಾಗುತ್ತೆ. ಅಂದ್ರೆ ಒಬ್ಬ ಬೆಲ್ಜಿಯಂ ಶಿಲ್ಪಿ ಮಾಡಿದ್ದನ್ನ ನೋಡಿ ಇನ್ನೊಬ್ಬ ಬೆಲ್ಜಿಯಂ ಚಿತ್ರಕಾರ ಬರೆದಿದ್ದು, ನಡುವೆ ಕಾಂಗೋದ ಒಬ್ರೂ ಇಲ್ಲ.

ಮ್ಯೂಸಿಯಂ ಐದು ವರ್ಷ ಮುಚ್ಚಿ 2018ರ ಡಿಸೆಂಬರ್‌ನಲ್ಲಿ ಮತ್ತೆ ತೆರೀತು. ಆ ಪ್ರತಿಮೇನ ಈಗ ಪ್ರದರ್ಶನದ ಸಾಲಲ್ಲಿ ಇಟ್ಟಿಲ್ಲ, ಅಂಥವೇ ಹಳೇ ಪ್ರತಿಮೆಗಳ ಜತೆ ಬೇರೆ ಕೋಣೇಲಿ ಹಾಕಿದಾರೆ. ಜತೆಗೆ ಕಾಂಗೋದ ಕಲಾವಿದ ಶೆರಿ ಸಾಂಬಾ 2002ರಲ್ಲಿ ಬರೆದ ಒಂದು ಪೇಂಟಿಂಗ್ ಇದೆ, ಅದರಲ್ಲಿ ಕರಿಯ ಜನ ಇದೇ ಪ್ರತಿಮೆಗೆ ಹಗ್ಗ ಹಾಕಿ ಮ್ಯೂಸಿಯಂ ಮೆಟ್ಟಿಲಿಂದ ಹೊರಗೆ ಎಳೀತಿದಾರೆ, ಬಿಳಿಯರು ಒಳಗಡೆಗೆ ಎಳೀತಿದಾರೆ. ಇಡೀ ವಾದ ಆ ಒಂದು ಚಿತ್ರದಲ್ಲಿದೆ.

ಅದೇ ಊರಿನ ಚರ್ಚ್ ಪಕ್ಕ ಏಳು ಸಮಾಧಿ ಇವೆ. 1897ರ ವಸ್ತುಪ್ರದರ್ಶನಕ್ಕೆ ರಾಜ ಎರಡನೇ ಲಿಯೊಪೋಲ್ಡ್ ಕಾಂಗೋದಿಂದ 267 ಜನರನ್ನ ತಂದು ಇಲ್ಲಿ ಗುಡಿಸಲು ಹಾಕಿ ಕೂರ್ಸಿ ಜನಕ್ಕೆ ತೋರ್ಸಿದ್ರು, ಅವರಲ್ಲಿ ಏಳು ಜನ ಇಲ್ಲೇ ಸತ್ರು. ಎರ್ಜೆ ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ. ಆ ಕಾಲದ ಮಗೂಗೆ ಕಾಂಗೋ ಬಗ್ಗೆ ಏನು ಹೇಳ್ಕೊಟ್ಟಿರ್ಬೋದು ಅಂತ ಅರ್ಥ ಆಗುತ್ತೆ. ಅರ್ಥ ಆಗುತ್ತೆ ಅಂದೆ, ಸರಿ ಅಂದಿಲ್ಲ.

ಬ್ರಸೆಲ್ಸ್‌ನಲ್ಲಿದ್ದ ಕಾಂಗೋ ಮೂಲದ ಒಬ್ರು ಈ ಪುಸ್ತಕದ ಮೇಲೆ 2007ರಲ್ಲಿ ಕೇಸ್ ಹಾಕಿದ್ರು, ಮಾರಾಟ ನಿಲ್ಸಿ ಅಥವಾ ಎಚ್ಚರಿಕೆ ಮಾತಾದ್ರೂ ಹಾಕಿ ಅಂತ. 2012ರಲ್ಲಿ ಕೋರ್ಟ್ ತಳ್ಳಿಹಾಕ್ತು. ಇಂಗ್ಲೆಂಡಲ್ಲಿ ಮಾತ್ರ ಕಲರ್ ಪುಸ್ತಕಕ್ಕೆ ಎಚ್ಚರಿಕೆಯ ಪಟ್ಟಿ ಸುತ್ತಿ, ಒಳಗೆ ಮುನ್ನುಡಿ ಹಾಕಿ ಮಾರಿದ್ರು. ನಾನು ಆ ಮುನ್ನುಡಿಯ ಪರ. ನಿಷೇಧ ಬೇಡ, ಸುಮ್ನೆ ಕೈಗೆ ಕೊಡೋದೂ ಬೇಡ. ಮುನ್ನುಡಿ ಓದಿ ಹೇಳೋಕೆ ನಿಮ್ಮ ಮಗಳಿಗೆ ನೀವಿದೀರಲ್ಲ.

---

ಕರಾವಳಿ_ಕಪ್ಪೆಚಿಪ್ಪು ಉತ್ತರ:

ಎಲ್ಲರೂ ಜಾಂಗ್ ಸಿಕ್ಕಿದ ಮೇಲೆ ಎರ್ಜೆ ಬದಲಾದ್ರು ಅಂತ ಹೇಳ್ತಾ ಇದ್ದೀರಿ, ಅಷ್ಟು ಸಲೀಸಲ್ಲ ಅಂತ ನನಗೆ ಕಾಣ್ತದೆ. ಅದಕ್ಕಿಂತ ಮೊದಲೇ ಅಮೆರಿಕದ ಪುಸ್ತಕದಲ್ಲಿ ಬ್ಲ್ಯಾಕ್‌ಫುಟ್ ಜನರ ನೆಲದಲ್ಲಿ ಎಣ್ಣೆ ಸಿಗ್ತದೆ, ಟಿನ್‌ಟಿನ್‌ಗೆ ವ್ಯಾಪಾರಿಗಳು ಲಕ್ಷ ಡಾಲರ್ ಕೊಡ್ತೇವೆ ಅಂತಾರೆ, ಇದು ನನ್ನದಲ್ಲ ಅವರದ್ದು ಅಂದ ಕೂಡಲೇ ಆ ಜನಕ್ಕೆ 25 ಡಾಲರ್ ಕೊಟ್ಟು ಅರ್ಧ ಗಂಟೆಯಲ್ಲಿ ಜಾಗ ಖಾಲಿ ಮಾಡಿ ಅಂತಾರೆ. ಸೈನಿಕರು ಬಂದೂಕು ಹಿಡಿದು ಓಡಿಸ್ತಾರೆ, ಅಳುವ ಮಗು ಸಮೇತ. ಮಾರನೇ ದಿನ ಅಲ್ಲಿ ಪಟ್ಟಣ. 1932ರಲ್ಲಿ ಮಕ್ಕಳಿಗೆ ಇಷ್ಟು ನೇರವಾಗಿ ಹೇಳಿದ್ದಾರೆ. ಆದರೆ ಅದೇ ಪುಸ್ತಕದಲ್ಲಿ ಅದೇ ಜನ ಯಾರು ಏನು ಹೇಳಿದ್ರೂ ನಂಬಿ ಕೊಡಲಿ ಎತ್ತುವವರು. ಅನ್ಯಾಯ ಕಾಣ್ತಿತ್ತು, ಮನುಷ್ಯರು ಕಾಣ್ತಿರಲಿಲ್ಲ.

ಆಮೇಲೂ ಹಾಗೆಯೇ. 1958ರ 'ದ ರೆಡ್ ಸೀ ಶಾರ್ಕ್ಸ್' ಗುಲಾಮರ ವ್ಯಾಪಾರದ ವಿರುದ್ಧದ ಕಥೆ, ಮೆಕ್ಕಾ ಯಾತ್ರೆಗೆ ಹೊರಟ ಆಫ್ರಿಕದವರನ್ನು ಹಡಗಿನಲ್ಲಿ ಮಾರಲಿಕ್ಕೆ ಕೊಂಡುಹೋಗುವುದು. ಉದ್ದೇಶ ಒಳ್ಳೆಯದೇ, ಆದರೆ ಅವರ ಬಾಯಲ್ಲಿ ಮುರುಕು ಭಾಷೆ. 1962ರಲ್ಲಿ ಆಫ್ರಿಕದ ಪತ್ರಿಕೆಯೊಂದು ಟೀಕೆ ಮಾಡಿತು, 1967ರಲ್ಲಿ ಎರ್ಜೆ ಆ ಆಫ್ರಿಕದವರ ಮಾತನ್ನೆಲ್ಲ ತಿದ್ದಿದರು. ಹಾಗಾಗಿ ಒಂದೇ ದಿನ ಬುದ್ಧಿ ಬಂತು ಅಂತ ಮಗುವಿಗೆ ಹೇಳ್ಬೇಡಿ. ಯಾರಾದ್ರೂ ಎದುರು ನಿಂತು ಹೇಳಿದಾಗೆಲ್ಲ ಸ್ವಲ್ಪ ಸ್ವಲ್ಪ ತಿದ್ದಿಕೊಂಡರು, ಹಾಗೆ ಹೇಳಿ.

---

ತುಂಗಾತೀರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರಿ ಅಂದ್ಕೊಂಡಿರ್ಲಿಲ್ಲ. ಧಾರವಾಡದವ್ರು ಹೇಳಿದ ಮಾತು, ಓದೋವಾಗ ನಾವು ಟಿನ್‌ಟಿನ್ ಆಗಿರ್ತೀವಿ ಅನ್ನೋದು, ಅದು ತಲೇಲಿ ಕೂತ್ಬಿಟ್ಟಿದೆ. ಈ ವಾರ ಬ್ಲೂ ಲೋಟಸ್ ಕೊಡ್ತೀನಿ. ಕಾಂಗೋ ಪುಸ್ತಕದಿಂದ ಸದ್ಯಕ್ಕೆ ಆ ರೈಲಿನ ಪುಟ, ಸ್ಕೂಲಿನ ಪುಟ ಎರಡೇ ನಾನೇ ಜತೇಲಿ ಕೂತು ತೋರಿಸ್ತೀನಿ, ಏನು ಅನ್ನಿಸ್ತು ಅಂತ ಮೊದ್ಲು ಅವಳನ್ನೇ ಕೇಳ್ತೀನಿ. ಬ್ಲೂ ಲೋಟಸ್ ಒಂದನ್ನೇ ಓದಿದ್ರೆ ಅರ್ಥ ಆಗುತ್ತಾ?

---

ಚಿತ್ರಕಥೆ_ಓದುಗ:

ಮೊದ್ಲು ಸಿಗಾರ್ಸ್ ಕೊಡಿ ಮೇಡಂ, ಬ್ಲೂ ಲೋಟಸ್ ಅದರ ಮುಂದುವರಿದ ಭಾಗ, ಶುರುವಾಗೋದೇ ಗೈಪಜಾಮ ಮಹಾರಾಜನ ಅರಮನೇಲಿ, ಆ ಫಕೀರನೂ ಮತ್ತೆ ಬರ್ತಾನೆ. ನಾಯಿ ಬಲಿ ಸೀನ್ ಬಂದಾಗ ನಮ್ಮಲ್ಲಿ ಹೀಗೆ ಮಾಡ್ತಾರಾ ಅಂತ ಅವಳೇ ಕೇಳ್ತಾಳೆ, ಅಲ್ಲಿಂದಲೇ ಮಾತು ಶುರು ಮಾಡಿ. ಟಿಬೆಟ್ ಪುಸ್ತಕ ಕೊನೆಗಿಡಿ, ಚಾಂಗ್ ಯಾರು ಅಂತ ಗೊತ್ತಿದ್ರೇನೇ ಟಿನ್‌ಟಿನ್ ಯಾಕೆ ಅಷ್ಟು ಹಿಮದಲ್ಲಿ ಅವನನ್ನ ಹುಡುಕ್ಕೊಂಡು ಹೋಗ್ತಾನೆ ಅನ್ನೋದು ತಟ್ಟುತ್ತೆ.